ಗಾಡಿ ನೋಡಿ ಮಣೆ: ಥಾರ್ ಓಡಿಸುವವರ ಮೇಲೆ ಜನರಿಗೇಕೆ ಇಷ್ಟು ಸಿಟ್ಟು?

2025ರ ನವೆಂಬರ್. ಗುರುಗ್ರಾಮದಲ್ಲಿ ಪತ್ರಕರ್ತರ ಜೊತೆ ಮಾತಾಡುತ್ತಿದ್ದ ಹರಿಯಾಣದ ಆಗಿನ ಡಿಜಿಪಿ ಓ.ಪಿ. ಸಿಂಗ್ ಒಂದು ಮಾತು ಆಡಿದರು. ತಪಾಸಣೆ ವೇಳೆ ಎಲ್ಲ ಗಾಡಿಗಳನ್ನೂ ಹಿಡಿಯಬೇಕಿಲ್ಲ, ಆದರೆ ಮಹೀಂದ್ರ ಕಂಪನಿಯ ಜೀಪಿನಂಥ ಗಾಡಿ ಥಾರ್ ಬಂದರೆ, ಬುಲೆಟ್ ಬೈಕ್ ಬಂದರೆ ಸುಮ್ನೆ ಬಿಡೋದು ಹೇಗೆ ಎಂಬರ್ಥದ ಮಾತು. ಪುಂಡರು ಓಡಿಸುವುದು ಇವೆರಡನ್ನೇ, ಥಾರ್ ಇಟ್ಟುಕೊಂಡವರ ತಲೆ ತಿರುಗಿರಲೇಬೇಕು ಎಂದೂ ಸೇರಿಸಿದರು. ವಿಡಿಯೊ ದೇಶ ಸುತ್ತಿತು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಉರಿದುಬಿದ್ದರು. ಥಾರ್ ಮಾಲೀಕರೊಬ್ಬರು ಡಿಜಿಪಿಗೇ ಲೀಗಲ್ ನೋಟಿಸ್ ಕಳಿಸಿದರು.

ಗೊಂದಲ ಶುರುವಾಗುವುದು ಇಲ್ಲೇ. ಒಂದು ರಾಜ್ಯದ ಪೊಲೀಸ್ ಮುಖ್ಯಸ್ಥರು ಗಾಡಿಯ ಮಾಡೆಲ್ ನೋಡಿ ಜನರ ಬುದ್ಧಿ ಅಳೆಯಬಹುದಾ? ಅಳೆಯಬಾರದು ಅನ್ನೋದಾದರೆ, ಅಷ್ಟೊಂದು ಜನ ಯಾಕೆ ಹೌದು ಹೌದು ಅಂತ ತಲೆ ಆಡಿಸಿದರು? ಬೆಂಗಳೂರಿನ ಯಾವುದೇ ಸಿಗ್ನಲ್‌ನಲ್ಲಿ ಸ್ಕೂಟರ್‌ನವರನ್ನು ಕೇಳಿ ನೋಡಿ. ಹಿಂದಿನಿಂದ ಹೈಬೀಮ್ ಹೊಡೆಯುತ್ತಾ, ಹಾರ್ನ್ ಬಾರಿಸುತ್ತಾ ಬರುವ ಗಾಡಿ ಯಾವುದು ಎಂದರೆ ಬರುವ ಉತ್ತರ ಹರಿಯಾಣದ ಉತ್ತರಕ್ಕಿಂತ ತೀರಾ ಬೇರೆ ಇರಲಿಕ್ಕಿಲ್ಲ. ಥಾರ್, ಸ್ಕಾರ್ಪಿಯೊ, ಫಾರ್ಚೂನರ್. ಹೆಸರು ಬದಲಾಗಬಹುದು, ಸಿಟ್ಟು ಅದೇ.

ಜೀಪು ಮೊದಲು ಹೀಗಿರಲಿಲ್ಲ

ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಆಮೇಲೆ ದಶಕಗಳ ಕಾಲ ಜೀಪು ಅಂದರೆ ಕೆಲಸದ ಗಾಡಿ. ಪೊಲೀಸರದ್ದು, ಅರಣ್ಯ ಇಲಾಖೆಯದ್ದು, ತಹಶೀಲ್ದಾರರದ್ದು. ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಅದು ಎಸ್ಟೇಟ್ ಜೀಪು. ಕಾಫಿ ತೋಟಕ್ಕೆ ಕೂಲಿಯವರನ್ನು ಕರೆತರೋದು, ಗೊಬ್ಬರದ ಮೂಟೆ ಹೊರೋದು, ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸೋದು. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪಿನವರನ್ನು ಇವತ್ತಿಗೂ ಯಾರೂ ಪುಂಡರು ಅನ್ನೋದಿಲ್ಲ. ಬಾಡಿಗೆ ಜಾಸ್ತಿ ಕೇಳಿದರು ಅಂತ ಗೊಣಗಬಹುದು, ಅಷ್ಟೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಕೇರಳದಲ್ಲಿ ನೆರೆ ಬಂದಾಗ, ಬೇರೆ ಗಾಡಿಗಳು ಹೋಗಲಾಗದ ಕಡೆ ಹೋಗಿ ಜನರನ್ನು ಕರೆತಂದಿದ್ದೂ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಇಂಥ ಫೋರ್ ವೀಲ್ ಡ್ರೈವ್ ಗಾಡಿಗಳೇ.

ಥಾರ್ ಹುಟ್ಟಿದ್ದು 2010ರಲ್ಲಿ, ಹಳೆ ಜೀಪಿನ ಮುಂದುವರಿಕೆಯಾಗಿ. ಆಗ ಅದನ್ನು ಕೊಳ್ಳುತ್ತಿದ್ದವರು ಕಡಿಮೆ. ಸೀಟು ಗಟ್ಟಿ, ಒಳಗೆ ಸದ್ದು, ದಿನಾ ಆಫೀಸಿಗೆ ಓಡಿಸುವ ಗಾಡಿ ಅದಾಗಿರಲಿಲ್ಲ. 2020ರಲ್ಲಿ ಎರಡನೇ ತಲೆಮಾರಿನ ಥಾರ್ ಬಂತು. ಗಟ್ಟಿ ಟಾಪ್, ಆಟೊಮ್ಯಾಟಿಕ್ ಗೇರ್, ಟಚ್‌ಸ್ಕ್ರೀನ್. ಕಾಡಿನ ಗಾಡಿ ಪೇಟೆಗೆ ಇಳಿದಿದ್ದು ಆಗ. 2024ರ ಆಗಸ್ಟ್ 15ಕ್ಕೆ ಐದು ಬಾಗಿಲಿನ ರಾಕ್ಸ್ ಬಂದ ಮೇಲಂತೂ ಅದು ಮನೆಮಂದಿಯ ಕಾರೂ ಆಯಿತು.

ಈ ನಡುವೆ 2023ರ ಜನವರಿಯಲ್ಲಿ ಬಂದ ಒಂದು ಮಾಡೆಲ್ ಇಡೀ ಕತೆಯ ಕೀಲಿಕೈ. 1.5 ಲೀಟರ್ ಡೀಸೆಲ್ ಎಂಜಿನ್ ಇರುವ, ಎಂಜಿನ್ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಸಿಗುವ ಥಾರ್. ಶುರುವಾತಿನ ಎಕ್ಸ್‌ಶೋರೂಂ ಬೆಲೆ 9.99 ಲಕ್ಷ. ಅಂದರೆ ಫೋರ್ ವೀಲ್ ಡ್ರೈವ್ ಇಲ್ಲದ ಆಫ್‌ರೋಡ್ ಗಾಡಿ! ಕೆಸರಿನಲ್ಲಿ ಹೂತರೆ ಎಳೆಯಲು ಇನ್ನೊಂದು ಥಾರ್ ಬೇಕು. ಹಾಗಿದ್ದರೂ ಜನ ಕೊಂಡರು. ಯಾಕೆಂದರೆ ಬಹುತೇಕರಿಗೆ ಬೇಕಿದ್ದಿದ್ದು ಗುಡ್ಡ ಹತ್ತುವ ಶಕ್ತಿಯಲ್ಲ, ಗುಡ್ಡ ಹತ್ತಬಲ್ಲ ಗಾಡಿಯ ಗತ್ತು.

ಎತ್ತರದ ಪೈಪೋಟಿ

ಇದು ಥಾರ್ ಒಂದರ ಕತೆಯಲ್ಲ. ವಾಹನ ತಯಾರಕರ ಒಕ್ಕೂಟ ಸಿಯಾಮ್ ಲೆಕ್ಕದಲ್ಲಿ 2024-25ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳು ಸುಮಾರು 43 ಲಕ್ಷ. ಅದರಲ್ಲಿ 65% ಎಸ್‌ಯುವಿಯಂಥ ಯುಟಿಲಿಟಿ ವಾಹನಗಳೇ. ಹಿಂದಿನ ವರ್ಷ ಇದು 60% ಇತ್ತು.

ಕೊಳ್ಳುವವರು ಕೊಡುವ ಕಾರಣಗಳನ್ನು ತಳ್ಳಿಹಾಕೋ ಹಾಗಿಲ್ಲ. ನಮ್ಮ ಹಂಪುಗಳು ತಗ್ಗು ಕಾರಿನ ಹೊಟ್ಟೆ ಕೆರೆಯುತ್ತವೆ. ಗುಂಡಿ ಬಿದ್ದ ರಸ್ತೆಗೆ ದೊಡ್ಡ ಚಕ್ರ ಬೇಕು. ಒಂದು ಗಂಟೆ ಮಳೆ ಬಂದರೆ ಅಂಡರ್‌ಪಾಸ್ ಕೆರೆ ಆಗುತ್ತದೆ. ಎತ್ತರದಲ್ಲಿ ಕೂತರೆ ಟ್ರಾಫಿಕ್ ಚೆನ್ನಾಗಿ ಕಾಣುತ್ತದೆ, ಧೈರ್ಯ ಬರುತ್ತದೆ. ಆದರೆ ಈ ಕೊನೆಯ ಕಾರಣದಲ್ಲಿ ಒಂದು ಸಿಕ್ಕು ಇದೆ. ಮುಂದಿನವರು ಎತ್ತರದ ಗಾಡಿ ತಂದಾಗ ಹಿಂದಿನ ತಗ್ಗು ಕಾರಿನವರಿಗೆ ರಸ್ತೆ ಕಾಣೋದಿಲ್ಲ. ಅವರೂ ಎತ್ತರದ್ದು ತರುತ್ತಾರೆ. ಜಾತ್ರೆಯಲ್ಲಿ ಮುಂದಿನವರು ಎದ್ದು ನಿಂತರೆ ಹಿಂದಿನವರೆಲ್ಲ ಎದ್ದು ನಿಲ್ಲಬೇಕಲ್ವಾ, ಹಾಗೆ. ಕೊನೆಗೆ ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣೋದಿಲ್ಲ. ಕಾಲು ನೋವು ಮಾತ್ರ ಎಲ್ಲರಿಗೂ.

ಈ ಪೈಪೋಟಿಯಲ್ಲಿ ಎದ್ದು ನಿಲ್ಲಲಾಗದವರು ಸ್ಕೂಟರ್, ಬೈಕ್ ಓಡಿಸುವವರು ಮತ್ತು ನಡೆದು ಹೋಗುವವರು.

ಕೆಂಪು ದೀಪ ಹೋಯಿತು

2017ರ ಮೇ 1ರಿಂದ ಮಂತ್ರಿಗಳ, ಅಧಿಕಾರಿಗಳ ಕಾರಿನ ಮೇಲಿನ ಕೆಂಪು ದೀಪ ಹೋಯಿತು. ಒಳ್ಳೆಯದೇ ಆಯಿತು. ಆದರೆ ದೀಪ ಹೋದರೂ ದೀಪ ಮಾಡುತ್ತಿದ್ದ ಕೆಲಸ ಉಳಿಯಿತು. ದಾರಿ ಬಿಡಿ ಎಂದು ಹೇಳುವ ಕೆಲಸ. ಅದನ್ನು ಈಗ ಗಾಡಿಯ ಮೈಯೇ ಮಾಡುತ್ತಿದೆ. ಬಿಳಿ ಅಥವಾ ಕಪ್ಪು ಬಣ್ಣ, ಫ್ಯಾನ್ಸಿ ನಂಬರ್, ಮುಂದೆ ಪಕ್ಷದ ಬಾವುಟ, ಹಿಂದಿನ ಗಾಜಿನ ಮೇಲೆ ಜಾತಿಯ ಹೆಸರೋ ನಾಯಕರ ಫೋಟೊವೋ. ಒಳಗಿರುವುದು ಶಾಸಕರಾ, ಅವರ ಭಾವಮೈದನಾ, ಅಥವಾ ಬರೀ ಇಎಂಐ ಕಟ್ಟುವ ಹುಡುಗನಾ, ಹೊರಗಿನವರಿಗೆ ಗೊತ್ತಾಗೋದಿಲ್ಲ. ಗೊತ್ತಾಗದಿರುವುದೇ ಅದರ ಬಲ.

ಈ ಅನುಮಾನಕ್ಕೆ ಕರಾಳ ಚಿತ್ರ ಕೊಟ್ಟಿದ್ದು 2021ರ ಅಕ್ಟೋಬರ್ 3. ಉತ್ತರ ಪ್ರದೇಶದ ಲಖೀಂಪುರ ಖೀರಿಯಲ್ಲಿ ಪ್ರತಿಭಟನೆ ಮುಗಿಸಿ ನಡೆದು ಹೋಗುತ್ತಿದ್ದ ರೈತರ ಮೇಲೆ ಹಿಂದಿನಿಂದ ಗಾಡಿಗಳು ಹರಿದವು. ಮುಂದಿದ್ದದ್ದು ಥಾರ್. ಆ ದಿನದ ಘಟನೆಯಲ್ಲಿ ಒಟ್ಟು 8 ಮಂದಿ ಸತ್ತರು. ಆಗಿನ ಕೇಂದ್ರದ ರಾಜ್ಯ ಸಚಿವರೊಬ್ಬರ ಮಗ ಈ ಕೇಸಿನ ಆರೋಪಿ. ಆ ವಿಡಿಯೊ ನೋಡಿದವರಿಗೆ ಗಾಡಿಯ ಆಕಾರ ಮರೆಯುವುದಿಲ್ಲ.

ಜನರ ಸಿಟ್ಟಿಗೆ ದಿನನಿತ್ಯ ತುಪ್ಪ ಸುರಿಯುವುದು ಮಾತ್ರ ಇಂಥ ದೊಡ್ಡ ಘಟನೆಗಳಲ್ಲ, ಚಿಕ್ಕಪುಟ್ಟ ವಿಷಯಗಳು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕುವುದು ನಿಯಮಕ್ಕೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಿದೆ. ಕಂಪನಿ ಕೊಟ್ಟ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆದರೂ ಇವೆಲ್ಲ ಇರುವ ಗಾಡಿಗಳು ಪೊಲೀಸ್ ಠಾಣೆಯ ಎದುರೇ ಹಾದು ಹೋಗುತ್ತವೆ. ಹೆಲ್ಮೆಟ್ ಇಲ್ಲ ಅಂತ ದಂಡ ಕಟ್ಟಿದ ಸ್ಕೂಟರ್‌ನವನು ಅದನ್ನು ನಿಂತು ನೋಡುತ್ತಾನೆ. ರೂಲ್ಸು ನನಗೆ, ಅವರಿಗಲ್ಲ ಎಂದು ಅವನಿಗೆ ಅನ್ನಿಸಿದರೆ ತಪ್ಪೇನು?

ಡಿಜಿಪಿ ಮಾತಿನ ವಿಚಿತ್ರ ಇರುವುದೂ ಇಲ್ಲೇ. ಮುಖ ನೋಡಿ ಮಣೆ ಹಾಕುವ ಪದ್ಧತಿ ಬಗ್ಗೆ ಜನರಿಗಿರುವ ಸಿಟ್ಟನ್ನು ಅವರು ಗಾಡಿಯ ಮೇಲೆ ತಿರುಗಿಸಿದರು. ಚಪ್ಪಾಳೆ ಬಿತ್ತು. ಆದರೆ ಮಣೆ ಹಾಕುತ್ತಿದ್ದ ಕೈ ಯಾವುದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಲೆಕ್ಕ ಇದೆಯಾ?

ಥಾರ್ ಓಡಿಸುವವರು ನಿಜವಾಗಿಯೂ ಜಾಸ್ತಿ ಅಪಘಾತ ಮಾಡುತ್ತಾರಾ? ಸಾರಿಗೆ ಸಚಿವಾಲಯದ ವಾರ್ಷಿಕ ಅಪಘಾತ ವರದಿ ತೆಗೆದರೆ ಉತ್ತರ ಸಿಗೋದಿಲ್ಲ. ಅಲ್ಲಿ ಕಾರು, ಟ್ಯಾಕ್ಸಿ, ವ್ಯಾನು, ಲಘು ವಾಹನ ಎಲ್ಲವೂ ಒಂದೇ ಸಾಲು. ಆಲ್ಟೊ ಅಲ್ಲೇ, ಫಾರ್ಚೂನರ್ ಅಲ್ಲೇ. ಹಾಗಾಗಿ ಪುಂಡರೆಲ್ಲ ಥಾರ್‌ನಲ್ಲೇ ಇದ್ದಾರೆ ಎನ್ನುವವರ ಹತ್ತಿರವೂ ಲೆಕ್ಕ ಇಲ್ಲ, ನಾವೆಲ್ಲ ಸಾಧುಗಳು ಎನ್ನುವ ಮಾಲೀಕರ ಹತ್ತಿರವೂ ಇಲ್ಲ.

ಲೆಕ್ಕ ಇಲ್ಲದ ಕಡೆ ನೆನಪು ಕೆಲಸ ಮಾಡುತ್ತದೆ. ನೆನಪು ಉಳಿಯುವುದು ಗುರುತು ಹಿಡಿಯಲು ಸುಲಭ ಇರುವುದರದ್ದು. ದುಂಡು ಹೆಡ್‌ಲೈಟು, ಚೌಕದ ಮೈ, ಹಿಂದೆ ನೇತಾಡುವ ಸ್ಟೆಪ್ನಿ. ಥಾರ್ ಅನ್ನು ಚಿಕ್ಕ ಮಕ್ಕಳೂ ಗುರುತಿಸುತ್ತಾರೆ. ಬಿಳಿ ಹ್ಯಾಚ್‌ಬ್ಯಾಕ್ ಒಂದು ಅಡ್ಡಾದಿಡ್ಡಿ ನುಗ್ಗಿದರೆ ಯಾವನೋ ಕಾರಿನವನು ಎಂದು ಬೈದು ಮರೆಯುತ್ತೇವೆ. ಅದೇ ಥಾರ್ ಆದರೆ ಥಾರ್‌ನವನು ಅನ್ನುತ್ತೇವೆ. ಪತ್ರಿಕೆಗಳೂ ಹೀಗೇ. ಕಾರು ಡಿಕ್ಕಿ, ಇಬ್ಬರ ಸಾವು ಎಂದು ಬರೆಯುವ ಕಡೆ ಥಾರ್ ಇದ್ದರೆ ತಲೆಬರಹಕ್ಕೆ ಹೆಸರೇ ಬರುತ್ತದೆ.

ಹಾಗಂತ ಇದೆಲ್ಲ ಬರೀ ಭ್ರಮೆ ಎಂದುಬಿಡಲೂ ಆಗದು. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನಕ್ಕಾಗಿ ಸಂಶೋಧಕರು ಲಂಡನ್‌ನ ರಸ್ತೆ ಬದಿ ನಿಂತು 41 ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ನೋಡಿ ಎಣಿಸಿದರು. ಫೋರ್ ವೀಲ್ ಡ್ರೈವ್ ಗಾಡಿಯ ಚಾಲಕರಲ್ಲಿ 8.2% ಜನ ಮೊಬೈಲ್ ಕೈಯಲ್ಲಿ ಹಿಡಿದಿದ್ದರು. ಉಳಿದ ಕಾರುಗಳಲ್ಲಿ ಅದು 2% ಮಾತ್ರ. ಸೀಟ್ ಬೆಲ್ಟ್ ವಿಷಯದಲ್ಲೂ ದೊಡ್ಡ ಗಾಡಿಯವರೇ ಹಿಂದೆ. ದೊಡ್ಡ ಗಾಡಿಯಲ್ಲಿ ಸುರಕ್ಷಿತ ಅನ್ನಿಸಿದಾಗ ಜನ ಹೆಚ್ಚು ಅಪಾಯ ತಗೊಳ್ಳುತ್ತಾರೆ ಎಂಬುದು ಸಂಶೋಧಕರು ಮುಂದಿಟ್ಟ ವಿವರಣೆ. ಗಾಡಿ ಮನುಷ್ಯನನ್ನು ಕೆಡಿಸುತ್ತದೆ ಎಂದು ಬೇಕಾದರೆ ಹೇಳಬಹುದು.

ಕೆಟ್ಟವರೇ ಆ ಗಾಡಿ ಆರಿಸಿಕೊಳ್ಳುತ್ತಾರಾ ಎನ್ನುವುದು ಬೇರೆ ಪ್ರಶ್ನೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 1,892 ಕಾರು ಮಾಲೀಕರನ್ನು ಕೇಳಿ ನೋಡಿದರು. ಜಗಳಗಂಟ, ಹಠಮಾರಿ, ಇನ್ನೊಬ್ಬರ ಕಷ್ಟ ಅರ್ಥವಾಗದ ಗಂಡಸರು ಆಡಿ, ಬಿಎಂಡಬ್ಲ್ಯು, ಬೆಂಜ್‌ನಂಥ ಪ್ರತಿಷ್ಠೆಯ ಕಾರುಗಳ ಕಡೆ ಹೆಚ್ಚು ವಾಲುತ್ತಾರೆ ಎಂದು ಕಂಡಿತು. 2020ರ ಈ ಅಧ್ಯಯನ ಸುದ್ದಿಯಾಗಿದ್ದು ಇಷ್ಟಕ್ಕೇ. ಆದರೆ ಅದರಲ್ಲೇ ಇನ್ನೊಂದು ಅಂಶವೂ ಇತ್ತು. ಶಿಸ್ತಿನ, ಜವಾಬ್ದಾರಿಯ ಸ್ವಭಾವದವರೂ, ಗಂಡಸರು ಹೆಂಗಸರು ಇಬ್ಬರೂ, ಅದೇ ಕಾರುಗಳನ್ನು ಇಷ್ಟಪಡುತ್ತಾರೆ. ಅಂದರೆ ಒಂದೇ ಗಾಡಿಯೊಳಗೆ ಎರಡೂ ಥರದವರು ಸಿಗುತ್ತಾರೆ. ನಾಕಾಬಂದಿಯಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಬಾನೆಟ್ ನೋಡಿ ಯಾರು ಯಾವ ಥರ ಎಂದು ಹೇಳಲಾಗದು.

ಬಂಪರ್ ಎಲ್ಲಿ ತಾಗುತ್ತದೆ?

ಇಲ್ಲಿವರೆಗೆ ಮಾತೆಲ್ಲ ಚಾಲಕರ ತಲೆಯ ಬಗ್ಗೆ. ಡಿಜಿಪಿ ಹೇಳಿದ್ದೂ ತಲೆಯ ಬಗ್ಗೆಯೇ. ಗಾಡಿಯಲ್ಲಿ ತಪ್ಪಿಲ್ಲ, ಓಡಿಸುವವರಲ್ಲಿ ಇದೆ ಎಂದು ಮಾಲೀಕರು ಹೇಳುವುದೂ ತಲೆಯ ಬಗ್ಗೆಯೇ. ನನ್ನ ಪ್ರಕಾರ ಎರಡೂ ಕಡೆಯವರು ತಪ್ಪಿದ್ದು ಇಲ್ಲಿ. ರಸ್ತೆಯಲ್ಲಿ ಹೊಡೆತ ಕೊಡುವುದು ತಲೆಯಲ್ಲ, ಮೈ.

ಸಾಮಾನ್ಯ ತಗ್ಗು ಕಾರಿನ ಬಂಪರ್ ನಡೆದು ಹೋಗುವವರ ಮೊಣಕಾಲಿನ ಸುತ್ತಮುತ್ತ ತಾಗುತ್ತದೆ. ಕಾಲು ಮುರಿಯಬಹುದು. ಆದರೆ ಮೈ ಬಾನೆಟ್ ಮೇಲೆ ಹೊರಳುತ್ತದೆ, ಬಾನೆಟ್ ಸ್ವಲ್ಪ ತಗ್ಗಿ ಹೊಡೆತ ನುಂಗುತ್ತದೆ. ಎತ್ತರದ, ಗೋಡೆಯಂಥ ಮುಂಭಾಗ ಇರುವ ಗಾಡಿ ಗುದ್ದುವುದು ಸೊಂಟಕ್ಕೆ, ಎದೆಗೆ. ಬಾನೆಟ್ ಮೇಲೆ ಹೊರಳಲು ಜಾಗ ಇಲ್ಲ. ಮನುಷ್ಯ ಮುಂದಕ್ಕೆ ಬೀಳುತ್ತಾನೆ, ಹಿಂದೆ ಚಕ್ರ ಬರುತ್ತಿರುತ್ತದೆ. ಅದೇ ಜಾಗದಲ್ಲಿ ಮಗು ಇದ್ದರೆ ಹೊಡೆತ ನೇರ ತಲೆಗೆ.

ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಪಾದಚಾರಿಗಳಿಗೆ ಗುದ್ದಿದ ಸುಮಾರು 18 ಸಾವಿರ ಪ್ರಕರಣ ಪರಿಶೀಲಿಸಿತು. ಬಾನೆಟ್‌ನ ಮುಂದಿನ ಅಂಚು 40 ಇಂಚಿಗಿಂತ ಎತ್ತರ ಇದ್ದರೆ, 30 ಇಂಚಿಗಿಂತ ಕಡಿಮೆ ಎತ್ತರದ, ಇಳಿಜಾರು ಮುಂಭಾಗದ ಕಾರುಗಳಿಗೆ ಹೋಲಿಸಿದರೆ ಸಾವಿನ ಸಾಧ್ಯತೆ ಸುಮಾರು 45% ಜಾಸ್ತಿ ಎಂದು ಕಂಡಿತು.

ತೂಕದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಪಾದಚಾರಿಗೆ ಗುದ್ದುವ ಗಾಡಿ ಮುಕ್ಕಾಲು ಟನ್ ಇರಲಿ, ಒಂದೂಮುಕ್ಕಾಲು ಟನ್ ಇರಲಿ, ವ್ಯತ್ಯಾಸ ಅಷ್ಟು ದೊಡ್ಡದಲ್ಲ. 70 ಕೆ.ಜಿ. ಮನುಷ್ಯನ ಮುಂದೆ ಎರಡೂ ಬೆಟ್ಟಗಳೇ. ಅಲ್ಲಿ ಮುಖ್ಯ ಆಗುವುದು ವೇಗ ಮತ್ತು ಆಕಾರ. ತೂಕ ಮುಖ್ಯ ಆಗುವುದು ಕಾರಿಗೆ ಕಾರು ಗುದ್ದಿದಾಗ. ಫೋರ್ ವೀಲ್ ಡ್ರೈವ್ ಥಾರ್ ಸುಮಾರು 1,750 ಕೆ.ಜಿ. ಆಲ್ಟೊ ಸುಮಾರು 750 ಕೆ.ಜಿ. ಇಬ್ಬರೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಬದುರು ಗುದ್ದಿ ಒಂದಕ್ಕೊಂದು ಕಚ್ಚಿಕೊಂಡವು ಎಂದುಕೊಳ್ಳಿ. ಎರಡೂ ಸೇರಿ ಥಾರ್ ಹೋಗುತ್ತಿದ್ದ ದಿಕ್ಕಿಗೇ 20 ಕಿ.ಮೀ. ವೇಗದಲ್ಲಿ ಸಾಗುತ್ತವೆ. ಥಾರ್‌ನಲ್ಲಿ ಕೂತವರ ವೇಗ 50ರಿಂದ 20ಕ್ಕೆ ಇಳಿಯಿತು, ಅಂದರೆ 30ರಷ್ಟು ಬದಲಾವಣೆ. ಆಲ್ಟೊದವರು 50ರಲ್ಲಿ ಮುಂದೆ ಹೋಗುತ್ತಿದ್ದವರು 20ರಲ್ಲಿ ಹಿಂದಕ್ಕೆ ತಳ್ಳಿಸಿಕೊಂಡರು. ಬದಲಾವಣೆ 70. ಕ್ಷಣಾರ್ಧದಲ್ಲಿ ನಡೆಯುವ ಈ ಬದಲಾವಣೆಯೇ ಪಕ್ಕೆಲುಬು ಮುರಿಯುವುದು, ಕುತ್ತಿಗೆ ಉಳುಕಿಸುವುದು. ದೊಡ್ಡ ಗಾಡಿ ಸೇಫ್ ಎನ್ನುವುದು ಸುಳ್ಳಲ್ಲ. ಆದರೆ ಆ ಸುರಕ್ಷತೆಯ ಒಂದು ಪಾಲು ಎದುರಿನವರಿಂದ ಕಿತ್ತುಕೊಂಡದ್ದು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 44.5% ದ್ವಿಚಕ್ರ ವಾಹನದವರು, 19.5% ನಡೆದು ಹೋಗುತ್ತಿದ್ದವರು. ಸ್ಕೂಟರ್‌ನವರ ಸಿಟ್ಟಿನಲ್ಲಿ ಅಸೂಯೆ ಸ್ವಲ್ಪ ಇರಬಹುದು. ಭಯ ಅದಕ್ಕಿಂತ ಜಾಸ್ತಿ, ಆ ಭಯಕ್ಕೆ ಆಧಾರವೂ ಇದೆ.

ಪ್ಯಾರಿಸ್ ಹಿಡಿದ ದಾರಿ

ಇಂಗ್ಲೆಂಡಿನಲ್ಲಿ ಇಂಥ ಗಾಡಿಗಳಿಗೆ ಚೆಲ್ಸಿ ಟ್ರ್ಯಾಕ್ಟರ್ ಎಂಬ ಅಡ್ಡಹೆಸರಿದೆ. ಹೊಲ ಕಾಣದ, ಲಂಡನ್‌ನ ಶ್ರೀಮಂತರ ಬಡಾವಣೆಯಲ್ಲೇ ಓಡಾಡುವ ಟ್ರ್ಯಾಕ್ಟರ್ ಎಂಬ ವ್ಯಂಗ್ಯ. ಪ್ಯಾರಿಸ್ ವ್ಯಂಗ್ಯಕ್ಕೆ ನಿಲ್ಲಲಿಲ್ಲ. 2024ರ ಫೆಬ್ರವರಿಯಲ್ಲಿ ಭಾರದ ಗಾಡಿಗಳ ಪಾರ್ಕಿಂಗ್ ಶುಲ್ಕ ಮೂರು ಪಟ್ಟು ಮಾಡಬೇಕಾ ಎಂದು ನಗರದವರನ್ನೇ ಕೇಳಿತು. ಸುಮಾರು 54.5% ಹೌದು ಎಂದರು. ಮತ ಹಾಕಿದವರೇ 6% ಕೂಡ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅದೇ ಅಕ್ಟೋಬರ್‌ನಿಂದ ನಗರದ ನಡುಭಾಗದಲ್ಲಿ ಹೊರಗಿನವರ ಭಾರದ ಗಾಡಿಗೆ ಗಂಟೆಗೆ 18 ಯೂರೊ ಶುಲ್ಕ ಬಂತು. ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಆದರೆ 1.6 ಟನ್, ಎಲೆಕ್ಟ್ರಿಕ್ ಆದರೆ 2 ಟನ್ ಗಡಿ.

ಗಮನಿಸಬೇಕಾದ್ದು ಏನೆಂದರೆ, ಅಲ್ಲಿ ಯಾರ ಬುದ್ಧಿಯನ್ನೂ ಅಳೆಯಲಿಲ್ಲ. ತಕ್ಕಡಿಗೆ ಗಾಡಿಯನ್ನು ಹಾಕಿದರು.

ನಮ್ಮ ತೆರಿಗೆ ಏನು ಅಳೆಯುತ್ತದೆ?

ನಮ್ಮಲ್ಲಿ ತೂಕವೂ ಇಲ್ಲ, ಮುಂಭಾಗದ ಎತ್ತರವೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಬಂದ ಹೊಸ ಜಿಎಸ್‌ಟಿಯಲ್ಲಿ 4 ಮೀಟರ್ ಒಳಗಿನ, 1,500 ಸಿಸಿ ಮೀರದ ಡೀಸೆಲ್ ಕಾರುಗಳಿಗೆ 18% ತೆರಿಗೆ. ದೊಡ್ಡವಕ್ಕೆ 40%. ಮೂರು ಬಾಗಿಲಿನ ಥಾರ್ ಉದ್ದ 3,985 ಮಿಲಿಮೀಟರ್. ಆ ಹಿಂದಿನ ಚಕ್ರದ 1.5 ಡೀಸೆಲ್ ಥಾರ್‌ನ ಎಂಜಿನ್ 1,497 ಸಿಸಿ. ಎರಡೂ ಗೆರೆ ದಾಟಲು ಕೂದಲೆಳೆ ಬಾಕಿ. ಮೊದಲು ಸೆಸ್ ಸೇರಿ 31% ಇದ್ದ ಅದರ ತೆರಿಗೆ ಈಗ 18%. ಆಲ್ಟೊ ಇರುವುದೂ ಅದೇ ಸಾಲಿನಲ್ಲಿ. ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ನೋಡುವುದು ಬೆಲೆಯನ್ನು. ಅತಿ ವೇಗದ ದಂಡವೂ ಎರಡಕ್ಕೂ ಒಂದೇ, ಏಕೆಂದರೆ ಕಾಯ್ದೆಯ ಕಣ್ಣಿಗೆ ಎರಡೂ ಲಘು ವಾಹನ.

ಹೀಗಾಗಿ ಒಂದು ಕಡೆ ಸರ್ಕಾರದ ಲೆಕ್ಕಪುಸ್ತಕ ಆ ಗಾಡಿಯನ್ನು ಚಿಕ್ಕ ಕಾರು ಎನ್ನುತ್ತದೆ, ಇನ್ನೊಂದು ಕಡೆ ಪೊಲೀಸ್ ಮುಖ್ಯಸ್ಥರು ಪುಂಡರ ಗಾಡಿ ಎನ್ನುತ್ತಾರೆ.

ಮುಂದೇನಾಗಬಹುದು

ಸಮವಸ್ತ್ರದಲ್ಲಿರುವ ಪೊಲೀಸರು ಯಾವುದೇ ಗಾಡಿ ನಿಲ್ಲಿಸಿ ದಾಖಲೆ ಕೇಳಬಹುದು, ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಥಾರ್ ಓಡಿಸುವುದು ಮಾತ್ರ ಅಪರಾಧವಲ್ಲ. ಹುಡುಕಿ ಹುಡುಕಿ ಒಂದೇ ಮಾಡೆಲ್ ನಿಲ್ಲಿಸಿದರೆ ಆಗುವುದೇನು? ಇಪ್ಪತ್ತು ಥಾರ್ ತಡೆಯುವಷ್ಟರಲ್ಲಿ ಕುಡಿದು ಓಡಿಸುವ ಒಬ್ಬ ಹ್ಯಾಚ್‌ಬ್ಯಾಕಿನವನು ಆರಾಮಾಗಿ ದಾಟಿರುತ್ತಾನೆ. ಬೆಂಗಳೂರು-ಮೈಸೂರು ಹೆದ್ದಾರಿಯ ಕ್ಯಾಮೆರಾಗಳನ್ನು ನೋಡಿ. ಅವು ಓದುವುದು ವೇಗ ಮತ್ತು ನಂಬರ್ ಪ್ಲೇಟ್. ಬ್ರ್ಯಾಂಡ್ ಅವಕ್ಕೆ ಬೇಕಿಲ್ಲ, ಒಳಗಿರುವವರ ಮಾವ ಯಾರು ಎಂದೂ ಕೇಳೋದಿಲ್ಲ.

ಇನ್ನೊಂದು ಪರಿಣಾಮ ಉಲ್ಟಾ ಹೊಡೆಯುವಂಥದ್ದು. ಜನ ತಮ್ಮನ್ನು ನೋಡಿ ಹೆದರಬೇಕು ಎಂದು ಬಯಸುವ ಹುಡುಗನಿಗೆ, ಪೊಲೀಸ್ ಮುಖ್ಯಸ್ಥರೇ ಹೆಸರಿಟ್ಟ ಗಾಡಿಗಿಂತ ಒಳ್ಳೆಯ ಜಾಹೀರಾತು ಯಾವುದಿದೆ? ಇಂಥ ಹೆಸರಿಂದ ದೂರ ಸರಿಯುವುದು ಶಿಸ್ತಾಗಿ ಓಡಿಸುವವರು. ಹಾಗಾದರೆ ಇವತ್ತು ಅರೆಬರೆ ನಿಜ ಇರುವ ಮಾತು ನಾಳೆ ಪೂರ್ತಿ ನಿಜವಾಗುವ ಅಪಾಯ ಇದೆ.

ನಿಜವಾದ ಬದಲಾವಣೆ ಬಂದರೆ ಅದು ಬರುವುದು ಕ್ರ್ಯಾಶ್ ಟೆಸ್ಟಿನ ಕಡೆಯಿಂದ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಎಂಬ ಕ್ರ್ಯಾಶ್ ಟೆಸ್ಟ್ ವ್ಯವಸ್ಥೆ ಕೊಡುವ ಸ್ಟಾರ್‌ಗಳಿಗೆ ಅಂಕ ಎಣಿಸುವುದು ಒಳಗಿರುವ ದೊಡ್ಡವರು ಮತ್ತು ಮಕ್ಕಳ ರಕ್ಷಣೆ ನೋಡಿ. ಥಾರ್ ರಾಕ್ಸ್‌ಗೆ ಅದರಲ್ಲಿ 5 ಸ್ಟಾರ್ ಸಿಕ್ಕಿದೆ. ಪಾದಚಾರಿಗಳ ರಕ್ಷಣೆಗೆ ಬೇರೆ ಮಾನದಂಡ ಇದೆ, ಆದರೆ ಅದರಲ್ಲಿ ಗಾಡಿ ಎಷ್ಟು ಚೆನ್ನಾಗಿ ಪಾಸಾಯಿತು ಎಂಬುದು ಸ್ಟಾರ್ ಲೆಕ್ಕಕ್ಕೆ ಸೇರುವುದಿಲ್ಲ. ಹೊರಗಿರುವವರಿಗೂ ಅಂಕ ಕೊಡುವ ಹೊಸ ಪದ್ಧತಿಯ ಕರಡು 2025ರಲ್ಲಿ ಬಂದಿದೆ, 2027ರಿಂದ ಜಾರಿಗೆ ತರುವ ಯೋಚನೆ ಇದೆ. ಅಲ್ಲಿವರೆಗೆ ಶೋರೂಮಿನಲ್ಲಿ ತೋರಿಸುವ ಐದೂ ಸ್ಟಾರ್ ಗಾಡಿಯೊಳಗೆ ಕೂತವರ ಲೆಕ್ಕದವು.